ಧಾರಣೆ ಏರಿತು, ಕೈಯಲ್ಲಿ ಉಳಿದದ್ದೆಷ್ಟು?

ಮನೆಖರ್ಚಿನ ಬೆಲೆ ಏರಿಳಿತವನ್ನು ಊರಿನಲ್ಲೇ ಅಳೆಯುವ ಸುಲಭ ಲೆಕ್ಕ



ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವಾಚನಾಲಯಗಳಲ್ಲಿ ಪತ್ರಿಕೆ ಬಂದ ಕೂಡಲೇ ಮೊದಲು ಕಣ್ಣು ಹೋಗುವುದು ಪೇಟೆ ಧಾರಣೆಯ ಕಡೆಗೆ. ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಷ್ಟಕ್ಕೆ ಹೋಯಿತು ಎಂದು ನೋಡಿದ ಮೇಲೆಯೇ ಉಳಿದ ಸುದ್ದಿ. ನಿನ್ನೆಗಿಂತ ಐನೂರು ರೂಪಾಯಿ ಹೆಚ್ಚಿದ್ದರೆ ಮುಖ ಅರಳುತ್ತದೆ. ಇಳಿದಿದ್ದರೆ ಚೀಲ ಇನ್ನೆಂಟು ದಿನ ಅಟ್ಟದಲ್ಲೇ ಇರಲಿ ಎಂದುಕೊಳ್ಳುತ್ತೀರಿ. ಇದು ಸಹಜ.

ಆದರೆ ಒಂದು ಮಾತನ್ನು ಗಮನಿಸಿ. ಬಯಲುಸೀಮೆಯ ರೈತ ಬೆಳೆದ ಜೋಳ ಮೊದಲು ಅವನ ಮನೆಯ ಕಣಜಕ್ಕೆ ಬರುತ್ತದೆ. ಮಿಕ್ಕದ್ದು ಪೇಟೆಗೆ ಹೋಗುತ್ತದೆ. ತೋಟಿಗರಾದ ನಮಗೆ ಹಾಗಲ್ಲ. ಅಡಿಕೆಯನ್ನು ಉಂಡು ಯಾರೂ ಬದುಕುವುದಿಲ್ಲ. ಬೆಳೆದದ್ದನ್ನೆಲ್ಲ ಮಾರಬೇಕು, ಮಾರಿದ ಹಣದಲ್ಲಿ ಅಕ್ಕಿ, ಬೇಳೆ, ಎಣ್ಣೆ, ಬಟ್ಟೆ, ಮಕ್ಕಳ ಪುಸ್ತಕ, ಔಷಧಿ ಎಲ್ಲವನ್ನೂ ಕೊಳ್ಳಬೇಕು. ತೋಟದಲ್ಲಿ ದುಡಿಯುವವರ ಮನೆಯಲ್ಲೂ ಹೀಗೆಯೇ; ಅವರು ಮಾರುವುದು ದುಡಿಮೆಯನ್ನು, ಕೊಳ್ಳುವುದು ದಿನಸಿಯನ್ನು. ಆದ್ದರಿಂದ ಮಾರುವ ವಸ್ತುವಿನ ಬೆಲೆಯೊಂದನ್ನೇ ನೋಡಿದರೆ ಅರ್ಧ ಲೆಕ್ಕ ಮಾತ್ರ ನೋಡಿದಂತಾಯಿತು. ಉಳಿದರ್ಧ ಲೆಕ್ಕ ಇರುವುದು ಕೊಳ್ಳುವ ವಸ್ತುಗಳ ಬೆಲೆಯಲ್ಲಿ.

ಈ ಉಳಿದರ್ಧವನ್ನು ನಾವು ಬರೆದಿಡುವುದಿಲ್ಲ. ಐದು ವರ್ಷದ ಹಿಂದಿನ ರಾಶಿ ಧಾರಣೆ ಕೇಳಿದರೆ ಥಟ್ಟನೆ ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಆಗ ತೊಗರಿಬೇಳೆ ಕಿಲೋಗೆ ಎಷ್ಟಿತ್ತು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. "ಎಲ್ಲ ತುಟ್ಟಿಯಾಗಿದೆ, ಲೆಕ್ಕ ಯಾಕೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?" ಎಂದು ಕೇಳುವವರೂ ಉಂಟು. ಹುಣ್ಣಿದೆ ಎಂಬುದನ್ನು ಅಂಗೈ ತಾನೇ ಹೇಳುತ್ತದೆ, ನಿಜ. ಆದರೆ ಹೋದ ವರ್ಷಕ್ಕಿಂತ ಹಿಗ್ಗಿದೆಯೋ ಕುಗ್ಗಿದೆಯೋ ಎಂದು ತಿಳಿಯಬೇಕಾದರೆ ಅಳತೆಗೋಲು ಬೇಕೇ ಬೇಕು. ಆ ಅಳತೆಗೋಲನ್ನು ನೀವೇ ಮಾಡಿಕೊಳ್ಳುವ ಬಗೆಯನ್ನು ಈ ವಾರ ತಿಳಿಸುತ್ತೇನೆ.

ಜಗುಲಿಯ ಮೇಲೆ ನಡೆದ ಮಾತು

ಕೆಲವು ವರ್ಷಗಳ ಹಿಂದೆ ಸಿದ್ದಾಪುರ ತಾಲೂಕಿನ ಒಂದು ಹಳ್ಳಿಗೆ ಕೊಳೆರೋಗದ ಔಷಧಿ ಸಿಂಪಡಣೆಯ ವಿಚಾರ ಮಾತನಾಡಲು ಹೋಗಿದ್ದೆ. ಮೈಲುತುತ್ತ, ಸುಣ್ಣದ ಪ್ರಮಾಣ ಹೇಳಿ ಮುಗಿಸುವಷ್ಟರಲ್ಲಿ ಜಗುಲಿಯ ಮೇಲಿನ ಮಾತು ಕೂಲಿಯ ಕಡೆಗೆ ತಿರುಗಿತು. ಹಿರಿಯ ತೋಟಿಗರೊಬ್ಬರು, "ಅಲ್ಲ ಮಾರಾಯ, ಐದು ವರ್ಷದಲ್ಲಿ ನೂರಕ್ಕೆ ಇಪ್ಪತ್ತು ಏರಿಸಿ ಕೊಟ್ಟಿದ್ದೇವೆ. ಇನ್ನೆಷ್ಟು ಅಂತ ಏರಿಸುವುದು?" ಎಂದರು. ಅಂಗಳದಲ್ಲಿ ನಿಂತಿದ್ದವನು, "ಏರಿಸಿದ್ದು ಹೌದು ಹೆಗಡೇರೆ, ಅಂಗಡಿಗೆ ಹೋದರೆ ಅದು ಸಾಲುವುದಿಲ್ಲವಲ್ಲ" ಎಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರ ಬಳಿಯೂ ಲೆಕ್ಕವಿರಲಿಲ್ಲ. ಮಾತು ಬಿಸಿಯಾಗತೊಡಗಿತು.

ಆಗ ಆಳುಗಳ ಪೈಕಿ ಒಬ್ಬ ಹೆಂಗಸು ಮನೆಗೆ ಹೋಗಿ ಕಿರಾಣಿ ಅಂಗಡಿಯ ಉದ್ರಿ ವಹಿಗಳನ್ನು ತಂದಳು. ಹಳೆಯದನ್ನೂ ಎಸೆದಿರಲಿಲ್ಲ, ಖಾಲಿ ಹಾಳೆಗಳಲ್ಲಿ ಮಗ ಶಾಲೆಯ ಲೆಕ್ಕ ಬಿಡಿಸಿದ್ದ. ಅದೇ ಅಂಗಡಿ, ಅದೇ ಸಾಮಾನು, ಐದು ವರ್ಷದ ಅಂತರ. ಆ ಮನೆಗೆ ತಿಂಗಳಿಗೆ ಬೇಕಾದ ದಿನಸಿಯನ್ನು ಎರಡೂ ಕಾಲದ ಬೆಲೆಯಲ್ಲಿ ಕೂಡಿಸಿ ನೋಡಿದೆವು. ಕೂಲಿ ಏರಿದ್ದಕ್ಕಿಂತ ದಿನಸಿಯ ಮೊತ್ತ ಕೊಂಚ ಹೆಚ್ಚೇ ಏರಿತ್ತು. ಆ ದಿನ ತೀರ್ಮಾನವೇನೂ ಆಗಲಿಲ್ಲ. ಆದರೆ ಕೂಗಾಟ ನಿಂತಿತು. ಮರುವಾರ ಕೂಡಿ ಕೂಲಿ ನಿಶ್ಚಯಿಸುವಾಗ ಆ ವಹಿ ನಡುವೆ ಇತ್ತೆಂದು ಆಮೇಲೆ ತಿಳಿಯಿತು.

ಏಳುವ ಮೊದಲು ಆ ಹಿರಿಯರು ಒಂದು ಪ್ರಶ್ನೆ ಕೇಳಿದರು: "ಹಾಗಾದರೆ ನಮ್ಮ ಅಡಿಕೆಯನ್ನೂ ಹೀಗೇ ತೂಗಿ ನೋಡಿದರೆ?" ಈ ಲೇಖನ ಆ ಪ್ರಶ್ನೆಗೆ ಉತ್ತರ.

ಬುಟ್ಟಿಯ ಲೆಕ್ಕ

ಬೆಲೆ ಸೂಚ್ಯಂಕ ಎಂಬ ದೊಡ್ಡ ಹೆಸರಿಗೆ ಹೆದರಬೇಡಿ. ಒಂದು ಸಂಸಾರಕ್ಕೆ ತಿಂಗಳಿಗೆ ಬೇಕಾದ ಸಾಮಾನನ್ನು ಒಂದು ಬುಟ್ಟಿಗೆ ತುಂಬಿ, ಆ ಬುಟ್ಟಿಗೆ ಅಂದು ಎಷ್ಟು ಹಣ ಬೇಕಿತ್ತು, ಇಂದು ಎಷ್ಟು ಬೇಕು ಎಂದು ಕೇಳುವುದು, ಇಷ್ಟೇ. ಬುಟ್ಟಿಯಲ್ಲಿರುವ ಸಾಮಾನು, ಅದರ ಪ್ರಮಾಣ ಎರಡೂ ಬದಲಾಗಬಾರದು. ಬದಲಾಗುವುದು ಬೆಲೆ ಮಾತ್ರ. ಜರ್ಮನಿಯ ಅರ್ಥಶಾಸ್ತ್ರಜ್ಞ ಲಾಸ್ಪೇರ್ 1871ರಲ್ಲಿ ಈ ಕ್ರಮವನ್ನು ಮಂಡಿಸಿದ. ಇಂದಿಗೂ ನಮ್ಮ ದೇಶದ ಗ್ರಾಹಕ ಬೆಲೆ ಸೂಚ್ಯಂಕಗಳಿಗೆ ಇದೇ ಬುನಾದಿ.

ಒಂದು ಉದಾಹರಣೆ ನೋಡೋಣ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲೆಂದು ದುಂಡಾಗಿ ಹಿಡಿದವು. ಯಾವ ಪೇಟೆಯ ಧಾರಣೆಯೂ ಅಲ್ಲ. ಮೊದಲನೆಯದು ಐದು ವರ್ಷದ ಹಿಂದಿನ ಬೆಲೆ, ಎರಡನೆಯದು ಈಗಿನದು ಎಂದುಕೊಳ್ಳಿ.

ಅಕ್ಕಿ 40 ಕಿಲೋ: ಕಿಲೋಗೆ 40 ರೂ. ಇದ್ದಾಗ 1,600 ರೂ.; 50 ರೂ. ಆದಾಗ 2,000 ರೂ.
ತೊಗರಿಬೇಳೆ 4 ಕಿಲೋ: 100 ರೂ. ಇದ್ದಾಗ 400 ರೂ.; 130 ರೂ. ಆದಾಗ 520 ರೂ.
ಅಡುಗೆ ಎಣ್ಣೆ 4 ಲೀಟರ್: 100 ರೂ. ಇದ್ದಾಗ 400 ರೂ.; 150 ರೂ. ಆದಾಗ 600 ರೂ.
ಸಕ್ಕರೆ 6 ಕಿಲೋ: 40 ರೂ. ಇದ್ದಾಗ 240 ರೂ.; 45 ರೂ. ಆದಾಗ 270 ರೂ.
ಚಹಾಪುಡಿ 1 ಕಿಲೋ: 360 ರೂ. ಇದ್ದದ್ದು 410 ರೂ.
ಈರುಳ್ಳಿ 10 ಕಿಲೋ: 20 ರೂ. ಇದ್ದಾಗ 200 ರೂ.; 30 ರೂ. ಆದಾಗ 300 ರೂ.
ಅಡುಗೆ ಅನಿಲ 1 ಸಿಲಿಂಡರ್: 800 ರೂ. ಇದ್ದದ್ದು 900 ರೂ.

ಅಂದಿನ ಒಟ್ಟು ಮೊತ್ತ 4,000 ರೂ.; ಇಂದಿನದು 5,000 ರೂ. ಇಂದಿನ ಮೊತ್ತವನ್ನು ಅಂದಿನ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿ. 125 ಬರುತ್ತದೆ. ಇದೇ ಸೂಚ್ಯಂಕ. ಅಂದು ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಇಂದು ನೂರ ಇಪ್ಪತ್ತೈದು ರೂಪಾಯಿ ಬೇಕು ಎಂದು ಇದರ ಅರ್ಥ. ಹೋಲಿಕೆಗೆ ಹಿಡಿದ ಮೊದಲ ವರ್ಷಕ್ಕೆ ಆಧಾರ ವರ್ಷ ಎಂದು ಹೆಸರು. ಅದರ ಸೂಚ್ಯಂಕ ಯಾವಾಗಲೂ 100.

ಇಲ್ಲಿ ಒಂದು ಸೂಕ್ಷ್ಮವನ್ನು ನೋಡಿ. ಈರುಳ್ಳಿಯ ಬೆಲೆ ನೂರಕ್ಕೆ ಐವತ್ತು ಏರಿದೆ, ಅಕ್ಕಿಯದು ನೂರಕ್ಕೆ ಇಪ್ಪತ್ತೈದು ಮಾತ್ರ. ಸಂತೆಯಲ್ಲಿ ಎಲ್ಲರೂ ಬೈಯುವುದು ಈರುಳ್ಳಿಯನ್ನು. ಆದರೆ ಖರ್ಚು ಹೆಚ್ಚಿದ ಸಾವಿರ ರೂಪಾಯಿಯಲ್ಲಿ ಈರುಳ್ಳಿಯ ಪಾಲು 100 ರೂ.; ಅಕ್ಕಿಯ ಪಾಲು 400 ರೂ. ಮನೆಯಲ್ಲಿ ಯಾವುದು ಹೆಚ್ಚು ಖರ್ಚಾಗುತ್ತದೋ ಅದರ ಬೆಲೆಗೆ ತೂಕ ಹೆಚ್ಚು. ಈ ತೂಕವನ್ನು ಬಿಟ್ಟು ಬರೀ ಬೆಲೆಗಳ ಸರಾಸರಿ ತೆಗೆದರೆ ಲೆಕ್ಕ ದಾರಿ ತಪ್ಪುತ್ತದೆ. ಕಣ್ಣಿಗೆ ಕುಕ್ಕುವ ಬೆಲೆ ಬೇರೆ, ಕಿಸೆಗೆ ತಾಗುವ ಬೆಲೆ ಬೇರೆ.

ಕೂಲಿಗೂ ಅಡಿಕೆಗೂ ಒಂದೇ ತಕ್ಕಡಿ

ಈಗ ಆ ಜಗುಲಿಯ ಪ್ರಶ್ನೆಗೆ ಬರೋಣ. ಇದೇ ಐದು ವರ್ಷದಲ್ಲಿ ಕೂಲಿ 400 ರೂಪಾಯಿಯಿಂದ 480ಕ್ಕೆ ಏರಿತು ಎನ್ನಿ. ನೂರಕ್ಕೆ ಇಪ್ಪತ್ತು ಏರಿಕೆ. ಈ 480ನ್ನು ಸೂಚ್ಯಂಕ 125ರಿಂದ ಭಾಗಿಸಿ ನೂರರಿಂದ ಗುಣಿಸಿ: 384 ಬರುತ್ತದೆ. ಅಂದರೆ ಇಂದಿನ 480 ರೂಪಾಯಿ ಅಂದಿನ 384 ರೂಪಾಯಿಯ ಕೆಲಸ ಮಾಡುತ್ತದೆ. ಕೈಗೆ 80 ರೂಪಾಯಿ ಹೆಚ್ಚು ಬಂದರೂ ನಿಜವಾಗಿ 16 ರೂಪಾಯಿ ಕಡಿಮೆಯಾಗಿದೆ. ಕೂಲಿ ಇದ್ದಲ್ಲೇ ಇರಬೇಕಾದರೂ 500 ಆಗಬೇಕಿತ್ತು.

ಹಾಗೆಂದು ಕೊಡುವವರ ಕೈಯಲ್ಲಿ ಹಣ ಉಕ್ಕುತ್ತಿದೆಯೇ? ಅದನ್ನೂ ಅದೇ ತಕ್ಕಡಿಯಲ್ಲಿ ತೂಗೋಣ. ಅಡಿಕೆ ಕ್ವಿಂಟಲಿಗೆ 40,000 ರೂ. ಇದ್ದದ್ದು 45,000 ಆಯಿತು ಎನ್ನಿ. ಇದೂ ಉದಾಹರಣೆಯ ಅಂಕಿಯೇ. ಪತ್ರಿಕೆಯಲ್ಲಿ ನೋಡಿದವರಿಗೆ ಐದು ಸಾವಿರ ಲಾಭ. 45,000ವನ್ನು 125ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 36,000. ಐದು ಸಾವಿರ ಗಳಿಸಿದೆವೆಂದು ತಿಳಿದವರು ಅಂದಿನ ರೂಪಾಯಿಯಲ್ಲಿ ನಾಲ್ಕು ಸಾವಿರ ಕಳೆದುಕೊಂಡಿದ್ದಾರೆ. ಜಗುಲಿಯ ಮೇಲೆ ಕುಳಿತವರೂ ಅಂಗಳದಲ್ಲಿ ನಿಂತವರೂ ಒಂದೇ ಬೆಲೆಯೇರಿಕೆಗೆ ಸಿಕ್ಕಿದ್ದಾರೆ ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಆಡುವ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಹಳೆಯ ಧಾರಣೆಯ ನೆನಪು ನಮ್ಮನ್ನು ಮೋಸಗೊಳಿಸುವುದೂ ಹೀಗೆಯೇ. 2014ರಲ್ಲಿ ಕೆಂಪಡಿಕೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿ ಮತ್ತೆ ಇಳಿದದ್ದು ನಿಮಗೆಲ್ಲ ನೆನಪಿದೆ. ಆ ಧೈರ್ಯದ ಮೇಲೆ ಮನೆ ಕಟ್ಟಿಸಿ, ಸಾಲ ತೆಗೆದು ತೊಂದರೆಗೆ ಸಿಕ್ಕಿದವರೂ ಇದ್ದಾರೆ. ಈಗ ಧಾರಣೆ ಅಂದಿನ ಅಂಕಿಯ ಹತ್ತಿರ ಬಂದರೆ "ಆ ಕಾಲ ಮತ್ತೆ ಬಂತು" ಎನ್ನುವಂತಿಲ್ಲ. ಅಂದಿನಿಂದ ಇಂದಿನವರೆಗೆ ಅಕ್ಕಿ, ಎಣ್ಣೆ, ಔಷಧಿ, ಶಾಲೆಯ ಶುಲ್ಕ ಎಷ್ಟು ಏರಿವೆ ಎಂದು ಕೂಡಿಸಿದ ಮೇಲೆಯೇ ಆ ಮಾತು ಆಡಬೇಕು. 2012ರಲ್ಲಿ ನೂರೆಂದು ಹಿಡಿದ ಅಖಿಲ ಭಾರತ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಗೆ 195ರ ಆಸುಪಾಸಿನಲ್ಲಿತ್ತು. ಹನ್ನೆರಡು ವರ್ಷದಲ್ಲಿ ಮನೆಖರ್ಚು ಹೆಚ್ಚುಕಡಿಮೆ ಇಮ್ಮಡಿ. ಅಡಿಕೆ ಇದ್ದ ದರದಲ್ಲೇ ನಿಂತಿದ್ದರೆ ಅರ್ಧ ಇಳಿದಂತೆಯೇ ಸರಿ.

ಸರ್ಕಾರದ ಸೂಚ್ಯಂಕ ಸಾಲದೆ?

ಸರ್ಕಾರವೇ ಪ್ರತಿ ತಿಂಗಳು ಸೂಚ್ಯಂಕ ಪ್ರಕಟಿಸುವಾಗ ನಾವೇಕೆ ಲೆಕ್ಕ ಹಾಕಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಕೆಲಸ ನಮ್ಮಲ್ಲಿ ನೂರು ವರ್ಷದಿಂದ ನಡೆದುಬಂದಿದೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1921ರಲ್ಲಿ, ಅಲ್ಲಿನ ಲೇಬರ್ ಆಫೀಸು ಮುಂಬಯಿಯ ಕಾರ್ಮಿಕರ ಜೀವನವೆಚ್ಚದ ಸೂಚ್ಯಂಕವನ್ನು ಪ್ರಕಟಿಸತೊಡಗಿತು. 1946ರಲ್ಲಿ ಕೇಂದ್ರದ ಲೇಬರ್ ಬ್ಯೂರೋ ಸ್ಥಾಪನೆಯಾಯಿತು. ಕೈಗಾರಿಕಾ ಕಾರ್ಮಿಕರಿಗೆ ಒಂದು, ಕೃಷಿ ಕಾರ್ಮಿಕರಿಗೆ ಒಂದು, ಗ್ರಾಮೀಣ ಕಾರ್ಮಿಕರಿಗೆ ಒಂದು ಎಂದು ಬೇರೆ ಬೇರೆ ಸೂಚ್ಯಂಕಗಳನ್ನು ಅದು ತಯಾರಿಸುತ್ತದೆ. ಎಲ್ಲ ಜನರಿಗೂ ಅನ್ವಯಿಸುವ ಗ್ರಾಮೀಣ, ನಗರ ಮತ್ತು ಸಂಯುಕ್ತ ಸೂಚ್ಯಂಕಗಳು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವು.

ಇವು ಬರೀ ಕಾಗದದ ಅಂಕಿಗಳಲ್ಲ. ನೌಕರರ ತುಟ್ಟಿಭತ್ಯೆ, ಕನಿಷ್ಠ ಕೂಲಿಯ ಜೊತೆ ಸೇರುವ ಭತ್ಯೆ ಇವುಗಳ ಮೇಲೆಯೇ ನಿಂತಿವೆ. ಉದ್ಯೋಗ ಖಾತರಿ ಯೋಜನೆಯ ಕೂಲಿಯನ್ನು 2011ರಲ್ಲಿ ಕೃಷಿ ಕಾರ್ಮಿಕರ ಸೂಚ್ಯಂಕಕ್ಕೆ ಜೋಡಿಸಲಾಯಿತು. ಕರ್ನಾಟಕದಲ್ಲಿ ಆ ಕೂಲಿ 2024–25ರಲ್ಲಿ ದಿನಕ್ಕೆ 349 ರೂ. ಇದ್ದದ್ದು 2025–26ಕ್ಕೆ 370 ರೂ. ಆಯಿತು.

ಆದರೆ ಆ ಬುಟ್ಟಿ ಯಾರದು ಎಂಬುದನ್ನು ನೋಡಬೇಕು. 1986–87ನ್ನು ಆಧಾರ ವರ್ಷವಾಗಿ ಹಿಡಿದ ಕೃಷಿ ಕಾರ್ಮಿಕರ ಸೂಚ್ಯಂಕ 1995ರ ನವೆಂಬರಿನಲ್ಲಿ ಆರಂಭವಾಯಿತು. ಯಾವ ಸಾಮಾನಿಗೆ ಎಷ್ಟು ತೂಕ ಎಂಬುದನ್ನು ಅದು 1983ರ ಸಮೀಕ್ಷೆಯಿಂದ ತೆಗೆದುಕೊಂಡಿತ್ತು. ರೂಪಾಯಿಯಲ್ಲಿ 69 ಪೈಸೆ ಆಹಾರಕ್ಕೇ ಹೋಗುತ್ತಿದ್ದ ಕಾಲದ ಬುಟ್ಟಿ ಅದು. 1983ರಲ್ಲಿ ನಮ್ಮ ಹಳ್ಳಿಯ ಯಾವ ಕೂಲಿಕಾರನ ಮನೆಯಲ್ಲಿ ಮೊಬೈಲ್ ಇತ್ತು? ಎಷ್ಟು ಮನೆಯಲ್ಲಿ ಅನಿಲದ ಒಲೆ, ಬೈಕಿನ ಪೆಟ್ರೋಲು ಇತ್ತು? ಈ ಬುಟ್ಟಿಯನ್ನೇ 2025ರವರೆಗೆ ಹೊತ್ತುಕೊಂಡು ಬಂದರು. 1986–87ರಲ್ಲಿ ನೂರಿದ್ದ ಅಂಕಿ 2019ರ ಕೊನೆಯ ಹೊತ್ತಿಗೆ ಸಾವಿರ ದಾಟಿತ್ತು. 2025ರಲ್ಲಿ 2019ನ್ನು ಆಧಾರ ವರ್ಷ ಮಾಡಿಕೊಂಡ ಹೊಸ ಸರಣಿ ಬಂತು. ಬೆಲೆ ಸಂಗ್ರಹಿಸುವ ಹಳ್ಳಿಗಳ ಸಂಖ್ಯೆಯನ್ನು 600ರಿಂದ 787ಕ್ಕೆ ಹೆಚ್ಚಿಸಿದರು. ಒಳ್ಳೆಯ ಕೆಲಸ. ಆದರೂ ಇಷ್ಟು ದೊಡ್ಡ ದೇಶಕ್ಕೆ 787 ಹಳ್ಳಿ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2012ರ ಸರಣಿಗೆ ದೇಶದ 1,181 ಹಳ್ಳಿಗಳಿಂದ ಬೆಲೆ ತರಿಸಲಾಗುತ್ತಿತ್ತು. ಆ ಸರಣಿಯಲ್ಲಿ ಆಹಾರ ಪದಾರ್ಥದ ತೂಕ ಹಳ್ಳಿಗೆ ನೂರಕ್ಕೆ 54, ಪಟ್ಟಣಕ್ಕೆ 36. ಎಂದರೆ ಅಕ್ಕಿ–ಬೇಳೆ ತುಟ್ಟಿಯಾದಾಗ ಹಳ್ಳಿಯ ಸೂಚ್ಯಂಕ ಪಟ್ಟಣದ್ದಕ್ಕಿಂತ ಬೇಗ ಏರುತ್ತದೆ. ಒಂದೇ ದೇಶದೊಳಗೆ ಇಷ್ಟು ಭೇದವಿದೆ. ನಮ್ಮ ರಾಜ್ಯದ ಸರಾಸರಿಯಲ್ಲಿ ಧಾರವಾಡ, ವಿಜಯಪುರದ ಜೋಳ ಸೇರಿದೆ. ಮಂಡ್ಯ, ತುಮಕೂರಿನ ರಾಗಿ ಸೇರಿದೆ. ನಮ್ಮ ಅಕ್ಕಿ, ತೆಂಗಿನಕಾಯಿಯೂ ಎಲ್ಲೋ ಒಂದು ಮೂಲೆಯಲ್ಲಿ ಸೇರಿದೆ. ರಾಜ್ಯದ ಲೆಕ್ಕಕ್ಕೆ ಆ ಸರಾಸರಿ ಬೇಕು. ನಿಮ್ಮ ಊರಿನ ಲೆಕ್ಕಕ್ಕೆ ನಿಮ್ಮ ಊರಿನ ಬುಟ್ಟಿಯೇ ಆಗಬೇಕು.

ಸೂಚ್ಯಂಕ ಹೆಚ್ಚಿದ ಊರು ತುಟ್ಟಿಯ ಊರಲ್ಲ

ಓದು ಬರಹ ಬಲ್ಲವರೂ ಎಡವುವ ಜಾಗವೊಂದಿದೆ. ಹುಬ್ಬಳ್ಳಿಯ ಸೂಚ್ಯಂಕ 130, ನಮ್ಮದು 125 ಎಂದು ಕಂಡರೆ ಹುಬ್ಬಳ್ಳಿಯೇ ತುಟ್ಟಿ ಎಂದುಬಿಡುತ್ತಾರೆ. ಇದು ತಪ್ಪು. ಪ್ರತಿ ಊರಿನ ಸೂಚ್ಯಂಕವೂ ಆಯಾ ಊರಿನ ಆಧಾರ ವರ್ಷದ ಬೆಲೆಯನ್ನೇ ನೂರೆಂದು ಹಿಡಿದು ಹೊರಡುತ್ತದೆ. ಶಿರಸಿಯಲ್ಲಿ 4,000 ರೂಪಾಯಿಯ ಬುಟ್ಟಿ 5,000 ಆಯಿತು. ಅದೇ ಬುಟ್ಟಿ ಹುಬ್ಬಳ್ಳಿಯಲ್ಲಿ 3,600 ಇದ್ದದ್ದು 4,680 ಆಯಿತು ಎಂದುಕೊಳ್ಳಿ. ಸೂಚ್ಯಂಕ ಹುಬ್ಬಳ್ಳಿಯದೇ ಹೆಚ್ಚು. ಆದರೆ ಬುಟ್ಟಿ ಅಗ್ಗವಾಗಿ ಸಿಗುವುದೂ ಅಲ್ಲಿಯೇ. ಸೂಚ್ಯಂಕ ಹೇಳುವುದು ಬೆಲೆ ಎಷ್ಟು ದೂರ ನಡೆದಿದೆ ಎಂದು. ಎಲ್ಲಿ ನಿಂತಿದೆ ಎಂದಲ್ಲ. ಎರಡು ಊರುಗಳನ್ನು ಹೋಲಿಸಬೇಕಾದರೆ ಒಂದೇ ದಿನ, ಒಂದೇ ಬುಟ್ಟಿಯನ್ನು ಎರಡೂ ಕಡೆ ರೂಪಾಯಿಯಲ್ಲಿ ತೂಗಬೇಕು.

ಹಾಗೆ ತೂಗಿದರೆ ನಮ್ಮ ಸೀಮೆಯ ಗುಣವೂ ತಿಳಿಯುತ್ತದೆ. ಈರುಳ್ಳಿ, ತರಕಾರಿಗಳ ಬಹುಪಾಲು ಬಯಲುಸೀಮೆಯಿಂದ ಬರಬೇಕು. ಮೀನು ಕರಾವಳಿಯಿಂದ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಲಾರಿಗಳು ಸುತ್ತಿ ಬರುವಂತಾದರೆ ಆ ಬಾಡಿಗೆಯೂ ಬೆಲೆಗೆ ಸೇರುತ್ತದೆ. ಬಾಳೆಕಾಯಿ, ಜೋನಿಬೆಲ್ಲಗಳಿಗೆ ನಾವು ಆ ಬಾಡಿಗೆ ಕೊಡಬೇಕಾಗಿಲ್ಲ. ಒಂದೇ ತಾಲೂಕಿನಲ್ಲಿಯೂ ಪೇಟೆಯ ಅಂಗಡಿಗೂ ಒಳಹಳ್ಳಿಯ ಅಂಗಡಿಗೂ ಬೆಲೆ ಬೇರೆ. ಆದ್ದರಿಂದ ಯಾವ ಅಂಗಡಿಯಲ್ಲಿ ನಿಜವಾಗಿ ಕೊಳ್ಳುತ್ತೀರೋ ಆ ಅಂಗಡಿಯ ಬೆಲೆಯನ್ನೇ ಬರೆಯಿರಿ.

ಬೆಲೆ ಬರೆಯುವಾಗ ಗಮನಿಸಬೇಕಾದದ್ದು

1. ಆಧಾರ ವರ್ಷ ಸಾಧಾರಣ ವರ್ಷವಾಗಿರಲಿ. 2020ರ ಕೊರೋನಾ ವರ್ಷ ಬೇಡ. 2022ರ ಫೆಬ್ರುವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಹೊತ್ತಿ ಸೂರ್ಯಕಾಂತಿ ಎಣ್ಣೆಯ ಬರವು ಕಡಿಮೆಯಾಯಿತು. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿತು. ಎಲ್ಲಿಯೋ ಹೊತ್ತಿದ ಬೆಂಕಿ ನಮ್ಮ ಬಾಣಲೆಗೆ ತಾಗಿತು. ಅಂಥ ತಿಂಗಳಿನ ಎಣ್ಣೆ ಬೆಲೆಯನ್ನು ಆಧಾರವಾಗಿ ಹಿಡಿದರೆ ಮುಂದಿನದೆಲ್ಲ ಅಗ್ಗವಾಗಿ ಕಾಣುತ್ತದೆ. ಒಂದು ತಿಂಗಳಿನ ಬದಲು ಇಡೀ ವರ್ಷದ ಸರಾಸರಿ ಹಿಡಿಯುವುದು ಕ್ಷೇಮ.

2. ತಿಂಗಳನ್ನು ಅದೇ ತಿಂಗಳಿಗೆ ಹೋಲಿಸಿ. ಆಷಾಢದ ತರಕಾರಿ ಬೆಲೆಯನ್ನು ಮಾಘದ ಬೆಲೆಗೆ ಹೋಲಿಸಿ ಗಾಬರಿಯಾಗಬೇಡಿ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಸ್ವಲ್ಪ ದಿನದಲ್ಲೇ ಬಿದ್ದುಹೋಯಿತು. ನಮ್ಮಲ್ಲಿ ಇನ್ನೊಂದು ವಿಶೇಷವಿದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಯ ವಾರ ಪೇಟೆಯಲ್ಲಿ ಕಾಯಿ, ಹಣ್ಣು, ಹೂವಿನ ಬೆಲೆ ಬೇರೆಯೇ. ಜಾತ್ರೆಯಿದ್ದ ವರ್ಷದ ಆ ವಾರವನ್ನು ಜಾತ್ರೆಯಿಲ್ಲದ ವರ್ಷಕ್ಕೆ ಹೋಲಿಸಬಾರದು. ಆ ವಾರ ಬಿಟ್ಟು ಬೇರೆ ವಾರದ ಬೆಲೆ ಬರೆಯಿರಿ.

3. ಅದೇ ಜಾತಿ, ಅದೇ ಗುಣಮಟ್ಟ. ಮೊದಲ ವರ್ಷ ದಪ್ಪ ಅಕ್ಕಿಯ ಬೆಲೆ ಬರೆದು ಈ ವರ್ಷ ಸೋನಾ ಮಸೂರಿಯದನ್ನು ಬರೆದರೆ ಅದು ಬೆಲೆಯೇರಿಕೆಯಲ್ಲ, ಅಕ್ಕಿಯೇ ಬದಲಾದದ್ದು. ಸಾಬೂನು, ಬಿಸ್ಕತ್ತು, ಚಹಾದ ಪೊಟ್ಟಣಗಳಲ್ಲಿ ಇನ್ನೊಂದು ಚಮತ್ಕಾರವಿದೆ: ಬೆಲೆ ಅದೇ, ಒಳಗಿನ ತೂಕ ಕಡಿಮೆ. ಆದ್ದರಿಂದ ಪೊಟ್ಟಣದ ಬೆಲೆಯ ಪಕ್ಕದಲ್ಲಿ ಅದರ ಮೇಲೆ ಅಚ್ಚಾದ ತೂಕವನ್ನೂ ಬರೆದು ಕಿಲೋ ಲೆಕ್ಕಕ್ಕೆ ತನ್ನಿ.

4. ಇಳಿದದ್ದನ್ನೂ ಬರೆಯಿರಿ. ಏರಿದ್ದು ನೆನಪಿರುತ್ತದೆ, ಇಳಿದದ್ದು ಮರೆತುಹೋಗುತ್ತದೆ. ಮನೆಬಳಕೆಯ ಅನಿಲದ ಬೆಲೆ ಸಿಲಿಂಡರಿಗೆ 2023ರ ಆಗಸ್ಟ್ ಕೊನೆಗೆ 200 ರೂ., 2024ರ ಮಾರ್ಚಿನಲ್ಲಿ 100 ರೂ. ಇಳಿದಿತ್ತು; 2025ರ ಏಪ್ರಿಲಿನಲ್ಲಿ 50 ರೂ. ಏರಿತು. ಮೂರನ್ನೂ ಬರೆದಾಗಲೇ ಲೆಕ್ಕ ನ್ಯಾಯವಾದದ್ದು.

5. ಕೊಂಡದ್ದನ್ನು ಮಾತ್ರ ಬುಟ್ಟಿಗೆ ಹಾಕಿ. ಹಿತ್ತಲಿನ ತೆಂಗಿನಕಾಯಿ, ಮನೆಯ ಹಾಲು, ತೋಟದ ಮೆಣಸಿನಕಾಳು ತೋಟಿಗರ ಬುಟ್ಟಿಯಲ್ಲಿ ಬೇಡ. ಅವನ್ನು ಕೊಳ್ಳುವ ಕೂಲಿಕಾರರ ಬುಟ್ಟಿಯಲ್ಲಿ ಇರಲೇಬೇಕು. ಪಡಿತರದ ಅಕ್ಕಿ ಉಚಿತವಾಗಿ ಸಿಗುತ್ತದೆ; ಅದರ ಮೇಲೆ ಅಂಗಡಿಯಿಂದ ತರುವ ಅಕ್ಕಿಯ ಪ್ರಮಾಣವನ್ನಷ್ಟೇ ಬರೆಯಿರಿ. ಹೀಗೆ ಪ್ರತಿ ಊರಿಗೆ ಎರಡು ಬುಟ್ಟಿ ಬೇಕಾಗುತ್ತದೆ: ತೋಟಿಗರದೊಂದು, ದುಡಿಯುವವರದೊಂದು. ಎರಡೂ ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ನೀವೇ ಕಾಣುವಿರಿ.

6. ತೋಟದ ಖರ್ಚನ್ನು ಇದರಲ್ಲಿ ಬೆರೆಸಬೇಡಿ. ಮೈಲುತುತ್ತ, ಗೊಬ್ಬರ, ಕೊನೆಗೌಡರ ಕೂಲಿ, ಸುಲಿಯುವ ಖರ್ಚು ಇವು ಬೆಳೆಯ ಖರ್ಚು. ಅವಕ್ಕೆ ಬೇರೆ ಹಾಳೆ ಇಡಿ. ಬೆಳೆಯ ಖರ್ಚು ಕಳೆದು ಉಳಿದದ್ದನ್ನು ಮನೆಖರ್ಚಿನ ಸೂಚ್ಯಂಕದಿಂದ ಭಾಗಿಸಿದರೆ ನಿಜವಾದ ಗಳಿಕೆ ಸಿಗುತ್ತದೆ.

7. ಬುಟ್ಟಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿ. ಕೊಬ್ಬರಿ ಎಣ್ಣೆ ತುಟ್ಟಿಯಾದರೆ ಮನೆಯವರು ತಾಳೆ ಎಣ್ಣೆಗೆ ಹೋಗುತ್ತಾರೆ. ಹಳೆಯ ಬುಟ್ಟಿಗೆ ಅದು ಗೊತ್ತಾಗುವುದಿಲ್ಲ. ಬುಟ್ಟಿ ಬದಲಿಸುವ ವರ್ಷ ಹಳೆಯದು, ಹೊಸದು ಎರಡರ ಬೆಲೆಯನ್ನೂ ಬರೆದಿಟ್ಟರೆ ಹಿಂದಿನ ಲೆಕ್ಕದ ಎಳೆ ಕಡಿಯುವುದಿಲ್ಲ.

ಅಜ್ಜನ ಕಾಲದ ಖಾತೆ ಪುಸ್ತಕ ಅಟ್ಟದಲ್ಲಿದ್ದರೆ ಅದನ್ನೂ ತೆಗೆಯಿರಿ, ಆದರೆ ಎಚ್ಚರಿಕೆಯಿಂದ. 1957ರ ಏಪ್ರಿಲ್ 1ಕ್ಕೆ ಮೊದಲಿನದಾದರೆ ಲೆಕ್ಕ ಆಣೆ–ಪೈಗಳಲ್ಲಿರುತ್ತದೆ. ಕಿಲೋ ಬರುವ ಮೊದಲಿನ ಸೇರು, ಕೊಳಗ, ಮಣಗಳು ಊರಿಂದ ಊರಿಗೆ ಬೇರೆ ಬೇರೆ ಇದ್ದವು. ನಿಮ್ಮ ಮನೆಯ ಅಳತೆ ಎಷ್ಟೆಂದು ಹಿರಿಯರನ್ನು ಕೇಳಿ ತಿಳಿದ ಮೇಲೆಯೇ ಹೋಲಿಸಿ.

ವಾಚನಾಲಯದಲ್ಲಿ ಒಂದು ವಹಿ

ಈ ಕೆಲಸಕ್ಕೆ ಹೆಚ್ಚಿನ ಓದು ಬೇಡ, ಯಂತ್ರವೂ ಬೇಡ. ವಾಚನಾಲಯಕ್ಕೆ ಇನ್ನೂರು ಪುಟದ ಒಂದು ವಹಿ ತನ್ನಿ. ನಾಲ್ಕು ತೋಟಿಗರ ಮನೆ, ನಾಲ್ಕು ಕೂಲಿಕಾರರ ಮನೆ ಆರಿಸಿ ಒಂದು ತಿಂಗಳು ಅವರು ಕೊಂಡದ್ದನ್ನೆಲ್ಲ ಬರೆಸಿ. ಮನೆಯ ಹೆಂಗಸರನ್ನೇ ಕೇಳಿ. ಯಾವ ಸಾಮಾನು ಎಷ್ಟು ದಿನಕ್ಕೆ ಮುಗಿಯುತ್ತದೆ ಎಂಬುದು ಅವರಿಗೆ ತಿಳಿದಷ್ಟು ನಮಗೆ ತಿಳಿಯದು. ಅದರಿಂದ ಇಪ್ಪತ್ತು–ಇಪ್ಪತ್ತೈದು ಸಾಮಾನಿನ ಎರಡು ಬುಟ್ಟಿಗಳನ್ನು ಗೊತ್ತುಮಾಡಿ. ದಿನಸಿಯ ಜೊತೆ ಔಷಧಿ, ಬಸ್ಸಿನ ಟಿಕೆಟು, ಕ್ಷೌರ, ಮೊಬೈಲಿನ ಕರೆನ್ಸಿ, ಶಾಲೆಯ ಪಟ್ಟಿಪುಸ್ತಕಗಳೂ ಇರಲಿ. ಆಮೇಲೆ ಪ್ರತಿ ತಿಂಗಳ ಎರಡನೆಯ ವಾರ, ಅದೇ ಎರಡು ಅಂಗಡಿ ಮತ್ತು ಸಂತೆಯಲ್ಲಿ ಬೆಲೆ ಕೇಳಿ ಬರೆಯಿರಿ. ಹೈಸ್ಕೂಲಿನ ಒಬ್ಬ ಹುಡುಗನಿಗೋ ಹುಡುಗಿಗೋ ಈ ಕೆಲಸ ಒಪ್ಪಿಸಬಹುದು. ಅದೇ ಹಾಳೆಯಲ್ಲಿ ಆ ವಾರದ ರಾಶಿ, ಚಾಲಿಯ ಸರಾಸರಿ ಧಾರಣೆ, ಊರಿನ ಕೂಲಿ ಇವೆರಡನ್ನೂ ಸೇರಿಸಿ. ಲೆಕ್ಕವನ್ನು ಗೋಡೆಗೆ ಅಂಟಿಸಿ, ಎಲ್ಲರೂ ನೋಡಲಿ.

ಮೊದಲ ವರ್ಷ ಇದರಿಂದ ಹೆಚ್ಚೇನೂ ತಿಳಿಯದು. ಎರಡನೆಯ ವರ್ಷ ಕೊಂಚ ತಿಳಿದೀತು. ಅಡಿಕೆ ಸಸಿ ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾಯುವ ನಿಮಗೆ ಕಾಯುವುದನ್ನು ನಾನು ಕಲಿಸಬೇಕಾಗಿಲ್ಲ. ಐದನೆಯ ವರ್ಷ ಕೊನೆಕೊಯ್ಲಿಗೆ ಮುಂಚೆ ಜಗುಲಿಯ ಮೇಲೆ ಕೂಲಿಯ ಮಾತು ಬಂದಾಗ, ಸಂಘದಲ್ಲಿ ಸಾಲದ ಅರ್ಜಿ ಬರೆಯುವಾಗ, ಚೀಲ ಇಂದು ಮಾರುವುದೋ ಇಡುವುದೋ ಎಂದು ಯೋಚಿಸುವಾಗ ಆ ವಹಿ ನಿಮ್ಮ ಮುಂದಿರುತ್ತದೆ.

ಆ ಸಿದ್ದಾಪುರ ತಾಲೂಕಿನ ಊರಿಗೆ ಹೋದ ವರ್ಷ ಮತ್ತೆ ಹೋಗಿದ್ದೆ. ಹಿರಿಯರು ಈಗಲೂ ಪೇಟೆ ಧಾರಣೆಯನ್ನೇ ಮೊದಲು ನೋಡುತ್ತಾರೆ. ಆದರೆ ನೋಡಿದ ಮೇಲೆ ಕನ್ನಡಕ ತೆಗೆಯುವುದಿಲ್ಲ. ಮೊಳೆಗೆ ನೇತುಹಾಕಿದ ವಹಿಯನ್ನು ಕೈಗೆತ್ತಿಕೊಂಡು ಆ ತಿಂಗಳ ಅಕ್ಕಿಯ ಬೆಲೆ ಎಷ್ಟೆಂದು ನೋಡುತ್ತಾರೆ. ಬರುವ ತಿಂಗಳ ಎರಡನೆಯ ವಾರದಿಂದ ನಿಮ್ಮ ಊರಿನಲ್ಲೂ ಆರಂಭಿಸಿ.